ಮರದ ಚರ್ಚಿನ ಬೀಗದಮ್ಮ

ಮರದ ಚರ್ಚಿನ ಬೀಗದ ಕೈ ಎದುರುಮನೆಯಲ್ಲಿರುತ್ತಿತ್ತು. ಆ ಮನೆಗೆ ಸೊಸೆಯಾಗಿ ಬಂದವಳ ಕೈಗೆ ಮೂರನೇ ವಾರಕ್ಕೇ ಅತ್ತೆ ಅದನ್ನು ಕೊಟ್ಟು, "ನನ್ನ ಮಂಡಿ ಕೇಳ್ತಾ ಇಲ್ಲ ಕಣಮ್ಮಾ, ಇನ್ಮೇಲೆ ನೀನೇ ನೋಡ್ಕೋ" ಎಂದುಬಿಟ್ಟರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ತಮಾಷೆಗೆ 'ಬೀಗದಮ್ಮ' ಎಂದು ಕರೆದ. ಬೀದಿಯೂ ಹಾಗೇ ಕರೆಯಿತು. ಅವಳ ಸ್ವಂತ ಹೆಸರು ಆಸ್ಪತ್ರೆಯ ಚೀಟಿಯಲ್ಲಷ್ಟೇ ಉಳಿಯಿತು.

ಚರ್ಚು ನೋಡಲು ಬರುವವರಿಗೆ ಹೊತ್ತುಗೊತ್ತು ಇರಲಿಲ್ಲ. ತಲೆಗೆ ಸೀಗೆಪುಡಿ ಹಚ್ಚಿಕೊಂಡಾಗ ಬರುವರು, ಹಿಟ್ಟು ನಾದುವಾಗ ಬರುವರು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ರಸ್ತೆ ದಾಟುವಳು. ಆ ಬಾಗಿಲೋ ಮಹಾ ಹಟಮಾರಿ. ಭುಜ ಕೊಟ್ಟು ಒಂದಿಷ್ಟು ಮೇಲೆತ್ತಿ, ಅದೇ ಹೊತ್ತಿಗೆ ಬೀಗದ ಕೈ ತಿರುಗಿಸಬೇಕು. ಆ ಉಪಾಯ ಅತ್ತೆಗೆ ಗೊತ್ತಿತ್ತು, ಇವಳಿಗೆ ಗೊತ್ತಿತ್ತು, ಮೂರನೆಯವರಿಗಿಲ್ಲ.

ಒಳಗೆ ಹೋದ ಮೇಲೆ ಕಥೆ ಹೇಳಬೇಕು. ಮುನ್ನೂರು ವರ್ಷ ಹಳೆಯದು. ಗೋಡೆಯೆಲ್ಲ ಇಡಿಯಿಡಿಯಾದ ದಿಮ್ಮಿ. ಮೂಲೆಯಲ್ಲಿ ತುದಿಗಳನ್ನು ಕೆತ್ತಿ, ಎರಡು ಕೈಯ ಬೆರಳು ಹೆಣೆದಂತೆ ಒಂದರೊಳಗೊಂದು ಕೂರಿಸಿದ್ದಾರೆ. ಗಾಳಿ ನುಗ್ಗದಂತೆ ಸಂದಿಗೆ ಒಣಗಿಸಿದ ಹಾವಸೆ ತುರುಕಿದ್ದಾರೆ. ಮಾಡಿಗೆ ಹೊದಿಸಿರುವುದು ಮರದ ಬಿಲ್ಲೆಗಳು, ಮೀನಿನ ಹುರುಪೆಯ ಹಾಗೆ. ಕೊನೆಗೆ, ದನಿ ತಗ್ಗಿಸಿ, "ಇಡೀ ಕಟ್ಟಡಕ್ಕೆ ಒಂದೇ ಒಂದು ಮೊಳೆ ಹೊಡೆದಿಲ್ಲ." ಬಂದವರು "ಅಬ್ಬಾ!" ಎನ್ನುವರು. ಇಪ್ಪತ್ತೆಂಟು ವರ್ಷ ಅದೇ ಮಾತು, ಅದೇ ಅಬ್ಬಾ.

ಅತ್ತೆ ತೀರಿಕೊಂಡ ದಿನ ಹೆಣ ಇನ್ನೂ ಪಡಸಾಲೆಯಲ್ಲಿತ್ತು. ದೂರದಿಂದ ಬಂದ ಗಂಡಹೆಂಡತಿ ಬಾಗಿಲಲ್ಲಿ ನಿಂತು, ಒಳಗಿನ ಜನರನ್ನು ನೋಡಿ, "ಏನೋ ಸಮಾರಂಭ ಇದ್ದ ಹಾಗಿದೆ, ಒಂದೈದು ನಿಮಿಷ ತೆಗೀತೀರಾ?" ಎಂದರು. ಬೇರೆ ಯಾರಿಗೂ ಬಾಗಿಲು ತೆಗೆಯಲು ಬರದು. ಬೀಗದಮ್ಮ ಮುಖ ತೊಳೆದುಕೊಂಡು ಹೋದಳು. ದಿಮ್ಮಿ, ಹಾವಸೆ, ಮೊಳೆ ಎಲ್ಲವನ್ನೂ ಹೇಳಿದಳು. ಅತ್ತು ಊದಿದ ಕಣ್ಣು ಕಂಡ ಆ ಹೆಂಗಸು, "ಪಾಪ, ನಿಮಗೆ ಧೂಳು ಆಗಿಬರಲ್ವಾ?" ಎಂದಳು.

ಕೆಲವು ವರ್ಷಕ್ಕೆ ಗಂಡನೂ ಹೋದ. ರೈಲಿನಲ್ಲಿ ಒಂದು ಹಗಲಿನ ದಾರಿಯಲ್ಲಿದ್ದ ಅಕ್ಕ ಫೋನ್ ಮಾಡಿದಾಗೆಲ್ಲ, "ಒಂದು ವಾರ ಬಂದು ಹೋಗೇ" ಎನ್ನುವಳು. "ಬಾಗಿಲು ಯಾರು ತೆಗೀತಾರಕ್ಕಾ?" ಎಂಬುದು ಇವಳ ಉತ್ತರ.

ಹೀಗಿರುವಾಗ ಚರ್ಚಿನ ಅಳತೆ ತೆಗೆಯಲು ಒಬ್ಬ ಎಂಜಿನಿಯರ್ ಬಂದ. ಮೂರು ವಾರ ದಿನಾ ಬೆಳಿಗ್ಗೆ ಬಾಗಿಲು ತೆಗೆಸಿಕೊಂಡು, ದಿಮ್ಮಿ ದಿಮ್ಮಿಗೂ ಕಿವಿಯಿಟ್ಟು, ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿದ. ಒಂದು ದಿನ ಗಂಟೆಗೋಪುರದಿಂದ ಇಳಿದುಬಂದು, ಏನೋ ತಪ್ಪು ಮಾಡಿದವನಂತೆ ನಿಂತ.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ಗೋಪುರ ಆಮೇಲೆ ಸೇರಿಸಿದ್ದು. ಅಲ್ಲಿ ತುಂಬಾ ಮೊಳೆ ಇವೆ."

"ಗೊತ್ತಪ್ಪಾ. ಅದರಲ್ಲೊಂದಕ್ಕೆ ನಮ್ಮತ್ತೆ ಕೊಡೆ ನೇತುಹಾಕ್ತಿದ್ರು."

"ಮತ್ತೆ ಒಂದೂ ಇಲ್ಲ ಅಂತ ಹೇಳ್ತೀರಲ್ಲಾ?"

"ಹೇಳದೆ ಏನ್ಮಾಡ್ಲಿ? ಒಂದೂ ಇಲ್ಲ ಅಂತ ಅವರೇ ಎಲ್ಲೋ ಕೇಳ್ಕೊಂಡು ಬರ್ತಾರೆ. ಇದೆ ಅಂದ್ರೆ ಮುಖ ಇಷ್ಟು ಚಿಕ್ಕದು ಮಾಡ್ಕೋತಾರೆ. ಅವರಿಗೆ ಸಮಾಧಾನ ಮಾಡೋಕೆ ಇನ್ನೂ ಅರ್ಧ ಗಂಟೆ ನಿಲ್ಲಬೇಕು. ನನ್ನ ಕಾಲಲ್ಲಿ ಅಷ್ಟು ಶಕ್ತಿ ಇಲ್ಲ."

ಅವನು ಜೋರಾಗಿ ನಕ್ಕ. ಆಮೇಲೆ ಅವಳನ್ನು ಒಳಗೆ ಕರೆದುಕೊಂಡು ಹೋಗಿ, ದಿಮ್ಮಿಗಳ ತುದಿಯಲ್ಲಿ ಉಳಿಯಿಂದ ಗೀರಿದ ಗುರುತುಗಳನ್ನು ಬೆಳಕು ಹಿಡಿದು ತೋರಿಸಿದ. ಒಂದು ಗೀರು, ಎರಡು ಗೀರು, ಮೂರು. ಯಾವ ದಿಮ್ಮಿಯ ಮೇಲೆ ಯಾವುದು ಎಂದು ಹಳೇ ಕಾಲದ ಬಡಗಿ ಹಾಕಿಕೊಂಡ ಲೆಕ್ಕ. ಪಡುವಣ ಗೋಡೆಯಲ್ಲಿ ನಾಲ್ಕಾದ ಮೇಲೆ ಆರು, ಆಮೇಲೆ ಐದು.

"ತಪ್ಪಿದ್ದಾನೆ," ಎಂದ ಎಂಜಿನಿಯರ್.

ಬೀಗದಮ್ಮ ಆ ಗೀರುಗಳ ಮೇಲೆ ಬೆರಳಾಡಿಸಿದಳು. ಇಷ್ಟು ವರ್ಷ ಗುಡಿಸಿ ಒರೆಸಿದ ಗೋಡೆಯಲ್ಲೇ ಅವು ಕಣ್ಣಿಗೆ ಬಿದ್ದಿರಲಿಲ್ಲ. "ಸುಸ್ತಾಗಿತ್ತೇನೋ ಪಾಪ," ಎಂದಳು.

ಕೊನೆಯ ವಾರ ಕೆಟ್ಟ ಸುದ್ದಿ ಬಂತು. ಬಡಗಣ ಗೋಡೆಯ ತಳದ ದಿಮ್ಮಿ ಒಳಗೆಲ್ಲ ಕೊಳೆತು ಹುಡಿಯಾಗಿತ್ತು. ಗೋಡೆಯನ್ನೇ ಎತ್ತಿ ಹಿಡಿದು ಅದನ್ನು ಬದಲಾಯಿಸಬೇಕು, ಎರಡು ವರ್ಷ ಯಾರನ್ನೂ ಒಳಗೆ ಬಿಡುವಂತಿಲ್ಲ. ಪಾದ್ರಿಗಳು ಮನೆಗೇ ಬಂದು, ಕುರ್ಚಿಯ ಅಂಚಿನಲ್ಲಿ ಕೂತು, ಮಾತು ಹುಡುಕುತ್ತಾ ವಿಷಯ ತಿಳಿಸಿದರು. ರಿಪೇರಿಯವರಿಗೆ ಬೀಗದ ಕೈ ಬೇಕಂತೆ. ಅವಳು ಎದ್ದುಹೋಗಿ ತಂದುಕೊಟ್ಟಳು. ಅಳು ಬರಬಹುದೆಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಸೊಂಟ ನೋಯುತ್ತಿತ್ತು, ಅಷ್ಟೇ.

"ನಿಮಗೆ ಬೇಸರ ಆಗಿರಬೇಕು," ಎಂದರು ಪಾದ್ರಿಗಳು.

"ಇಲ್ಲ ಫಾದರ್. ಭುಜ ಕೊಟ್ಟು ಮೇಲೆತ್ತಿ ತಿರುಗಿಸಬೇಕು ಅಂತ ಅವರಿಗೆ ಹೇಳಿ. ಇಲ್ಲಾಂದ್ರೆ ಬಾಗಿಲು ಮುರೀತಾರೆ."

ಆ ವಾರವೇ ರೈಲು ಹತ್ತಿದಳು. ಅಕ್ಕನ ಮನೆಯಲ್ಲಿ ಮೊದಲ ನಾಲ್ಕು ದಿನ ಬರೀ ನಿದ್ದೆ. ಉಣ್ಣಲು ಏಳುವಳು, ಮತ್ತೆ ಮಲಗುವಳು. ಹುಷಾರಿಲ್ಲವೇ ಎಂದು ಕೇಳಿದ ಪಕ್ಕದ ಮನೆಯವರಿಗೆ ಅಕ್ಕ, "ಮೆತ್ತಗೆ ಮಾತಾಡಿ, ಅವಳು ರಜೆ ಹಾಕಿ ಬಂದಿದ್ದಾಳೆ" ಎಂದಳು.

ಐದನೇ ದಿನ ಕಾಫಿ ಕುಡಿಯುವಾಗ ಅಕ್ಕನ ಗಂಡ, ಏನಾದರೂ ಮಾತಾಡಬೇಕಲ್ಲ ಎಂಬಂತೆ, "ನಿಮ್ಮೂರಿನ ಚರ್ಚು ಬಹಳ ಹಳೇದಂತಲ್ಲಾ? ಏನು ಅದರ ಕಥೆ?" ಎಂದು ಕೇಳಿದರು.

"ಹಳೇದು ಭಾವ," ಎಂದಳು ಬೀಗದಮ್ಮ, ಮತ್ತು ಲೋಟವನ್ನು ಅಕ್ಕನ ಕಡೆ ಚಾಚಿದಳು, ಇನ್ನೊಂದಿಷ್ಟು ಹಾಕಲಿ ಎಂದು.