ಕೊಪ್ಪರಿಗೆಯ ಮುಂದಿನ ಸೀದಕ್ಕ

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಿಸ್ಕತ್ತು ಕಾರ್ಖಾನೆಯ ಹಿಂಬದಿಯ ಕೋಣೆಯಲ್ಲಿ, ಎದೆಯೆತ್ತರದ ಕೊಪ್ಪರಿಗೆಯ ಮುಂದೆ ಆಕೆ ನಿಂತಿದ್ದಾರೆ. ಒಳಗೆ ಸಕ್ಕರೆ ಕರಗಿ, ಹಳದಿ ದಾಟಿ, ಕೆಂಪಗೆ ತಿರುಗುತ್ತಿದೆ. ಗೋಡೆಯ ಮೇಲೆ ಗಡಿಯಾರವಿದ್ದರೂ ಆಕೆ ಅತ್ತ ನೋಡುವುದಿಲ್ಲ. ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಾರೆ. ಮತ್ತೊಮ್ಮೆ. ಥಟ್ಟನೆ ಬಕೆಟ್ಟೆತ್ತಿ ತಣ್ಣೀರು ಸುರಿಯುತ್ತಾರೆ. ಕೊಪ್ಪರಿಗೆ ಬುಸುಗುಡುತ್ತದೆ, ಹಬೆ ಸೂರಿಗೇರುತ್ತದೆ, ಒಂದೆರಡು ಹನಿ ಮೊಣಕೈಗೆ ಸಿಡಿಯುತ್ತವೆ. ಅವನ್ನು ಏಪ್ರನ್ನಿನ ಅಂಚಿನಲ್ಲಿ ಒರೆಸಿಕೊಂಡು ಸೌಟು ಹಿಡಿಯುತ್ತಾರೆ.

"ಮೂಗಿಗೆ ಸಿಹಿ ವಾಸನೆ ಬರೋದೇನು ದೊಡ್ಡದಲ್ಲ. ಗಂಟಲ ಹಿಂದೆ ಸಣ್ಣಗೆ ಕಹಿ ತಾಗ್ಬೇಕು. ತಾಗಿದ ತಕ್ಷಣ ನೀರು. ಸ್ವಲ್ಪ ತಡ ಆಯ್ತೋ, ಅಷ್ಟೂ ಮೋರಿಗೆ" ಎನ್ನುತ್ತಾರೆ.

ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು ಸೀದಕ್ಕ ಎಂದೇ ಕರೆಯುವುದು. ಪಾಕ ಸೀಯಿಸಿದವಳು ಎಂದು ಹಂಗಿಸಲು ಇಟ್ಟ ಹೆಸರು ಅದು. ಈಗಿನ ಹೊಸಬರು ಅದನ್ನೇ ನಿಜವಾದ ಹೆಸರೆಂದುಕೊಂಡಿದ್ದಾರೆ.

ಅಂಗಡಿಗಳಲ್ಲಿ ಜನ 'ಅಜ್ಜಿ ಬಿಸ್ಕತ್ತು' ಎಂದು ಕೇಳಿ ಕೊಳ್ಳುವುದು ಈ ಪಾಕದ ಬಿಸ್ಕತ್ತನ್ನೇ. ಪೊಟ್ಟಣದ ಮೇಲೆ ಬೆಳ್ಳಿಗೂದಲಿನ, ಕನ್ನಡಕದ ಅಜ್ಜಿ ನಗುತ್ತಿದ್ದಾಳೆ. ಯಜಮಾನರ ಮನೆತನದ ಹಿರಿಯಜ್ಜಿ ಮೊಮ್ಮಕ್ಕಳಿಗಾಗಿ ಕಂಡುಹಿಡಿದ ರುಚಿಯಿದು ಎಂಬ ಕಥೆ ಕೆಳಗೆ ಅಚ್ಚಾಗಿದೆ. ಅಂಥ ಅಜ್ಜಿ ಯಾವ ಕಾಲಕ್ಕೂ ಇರಲಿಲ್ಲ. ಚಿತ್ರದಲ್ಲಿರುವುದು ಜಾಹೀರಾತಿನವರು ಒಂದು ಮಧ್ಯಾಹ್ನದ ಮಟ್ಟಿಗೆ ಕರೆತಂದು ಕೂರಿಸಿದ ಹೆಂಗಸು. ಓದಲು ಕಲಿತ ಹೊಸದರಲ್ಲಿ ಸೀದಕ್ಕನ ಮೊಮ್ಮಗಳು ಆ ಕಥೆಯನ್ನು ಜೋರಾಗಿ ಓದಿ, "ಅಜ್ಜಿ, ಇದು ನೀನು ಮಾಡಿದ್ದು ಅಂತಿದ್ದೆ, ಇಲ್ಲಿ ಬೇರೆ ಅಜ್ಜಿ ಇದ್ದಾಳಲ್ಲ?" ಎಂದು ಕೇಳಿದ್ದಳಂತೆ. ಸೀದಕ್ಕ ಪೊಟ್ಟಣ ಕಿತ್ತುಕೊಂಡು ಒಳಗಿಟ್ಟರು.

ಆಕೆ ಕೆಲಸಕ್ಕೆ ಸೇರಿದಾಗ ಈ ಕಾರ್ಖಾನೆ ಏದುಸಿರು ಬಿಡುತ್ತಿತ್ತು. ಹಾಲಿನ ಬಿಸ್ಕತ್ತು ಸಪ್ಪೆ ಎಂದರು ಜನ, ತೆಂಗಿನಕಾಯಿಯದು ಕಮಟು ಎಂದರು, ನಿಂಬೆಹುಳಿಯ ಕ್ರೀಮು ತುಂಬಿದ್ದನ್ನಂತೂ ಮಕ್ಕಳು ನೆಕ್ಕಿ ಬಿಸಾಡುತ್ತಿದ್ದರು. ಒಂದು ಬೆಳಿಗ್ಗೆ ಸೀದಕ್ಕ ಪಾಕ ತಿರುವುತ್ತಿದ್ದಾಗ ಪಕ್ಕದ ಕೋಣೆಯಿಂದ ಕಿರುಚಾಟ ಕೇಳಿತು. ಹಿಟ್ಟು ನಾದುವ ಯಂತ್ರಕ್ಕೆ ಜೊತೆಗಾತಿಯೊಬ್ಬಳ ತೋಳು ಸಿಕ್ಕಿತ್ತು. ಸೌಟು ಎಸೆದು ಓಡಿದರು. ಯಂತ್ರ ನಿಲ್ಲಿಸಿ, ತೋಳು ಬಿಡಿಸಿ, ಅವಳನ್ನು ಗಾಡಿಗೆ ಹತ್ತಿಸಿ ಬರುವಷ್ಟರಲ್ಲಿ ಪಾಕ ಕಪ್ಪಿಡತೊಡಗಿತ್ತು. ಹೆದರಿ, ಕೈಗೆ ಸಿಕ್ಕ ತಣ್ಣೀರು ಸುರಿದರು. ಎಲ್ಲಿ ಬೈಗುಳ ಬೀಳುತ್ತದೋ ಎಂದು ಹಿಟ್ಟು ಕಲಸುವವನು ಸದ್ದಿಲ್ಲದೆ ಅದನ್ನೇ ಹಿಟ್ಟಿಗೆ ಬೆರೆಸಿಬಿಟ್ಟ.

ಬಿಸ್ಕತ್ತು ಕಂದು ಬಣ್ಣದ್ದಾಗಿ ಹೊರಬಂದಾಗ ಗುಟ್ಟು ರಟ್ಟಾಯಿತು. ದೊಡ್ಡ ಯಜಮಾನರು ಸೀದಕ್ಕನನ್ನು ಅವತ್ತೇ ಗೇಟಿನಿಂದ ಆಚೆ ಕಳಿಸಿದರು. ತೋಳಿನ ಸುದ್ದಿ ಯಾರೂ ಎತ್ತಲಿಲ್ಲ. ಎತ್ತಿದರೆ ಯಂತ್ರಕ್ಕೆ ಮುಚ್ಚಳವೇಕಿಲ್ಲ ಎಂಬ ಪ್ರಶ್ನೆಯೂ ಏಳುತ್ತಿತ್ತಲ್ಲ!

"ಮಾರನೇ ದಿನ ಅಪ್ಪ ನಂಗೆ ಹೇಳ್ದೆ ಇಲ್ಲಿಗೆ ಬಂದಿದ್ರು. ಗೇಟಿನ ಹತ್ರ ಎಲ್ಲರ ಮುಂದೆ ಯಜಮಾನ್ರಿಗೆ ಕೈಮುಗಿದು, 'ಮಗಳು ತಪ್ಪು ಮಾಡಿದಾಳೆ, ಹೊಟ್ಟೆಗೆ ಹಾಕ್ಕೊಳ್ಳಿ' ಅಂದ್ರಂತೆ. ಅವರು ಕಾರಿನ ಗಾಜೂ ಇಳಿಸಲಿಲ್ಲ. ನಾನು ಎಷ್ಟು ಹೇಳಿದ್ರೂ ಅಪ್ಪ ನಂಬಲಿಲ್ಲ. ಅಷ್ಟು ದೊಡ್ಡವರು ಸುಮ್ಮನೆ ಕಳಿಸ್ತಾರಾ ಅಂದ್ರು. ಅದೇ ತಿಂಗಳು ಹೋಗಿಬಿಟ್ರು. ಮಗಳು ತಪ್ಪು ಮಾಡಿದಾಳೆ ಅಂದ್ಕೊಂಡೇ ಹೋದ್ರು."

ಅಷ್ಟರಲ್ಲಿ ಕಂದು ಬಿಸ್ಕತ್ತನ್ನು ಮಣ್ಣಿನ ಬೆಲೆಗೆ ಒಯ್ದಿದ್ದ ಅಂಗಡಿಯವರು ಅದೇ ಬೇಕೆಂದು ದುಂಬಾಲು ಬಿದ್ದಿದ್ದರು. ದೊಡ್ಡ ಯಜಮಾನರು ಕಳಿಸಿದ ಗೇಟಿನಿಂದಲೇ ಸೀದಕ್ಕನನ್ನು ಒಳಗೆ ಕರೆಸಿಕೊಂಡರು. ಅದೇ ಥರ ಮತ್ತೆ ಮಾಡು ಎಂದರು. ಆಕೆಗಾದರೂ ಏನು ಗೊತ್ತಿತ್ತು? ಕೊಪ್ಪರಿಗೆಗಟ್ಟಲೆ ಹಾಳು ಮಾಡಿ, ಕೈ ಸುಟ್ಟುಕೊಂಡು, ಕೊನೆಗೆ ಆ ಕಹಿಯ ಜಾಡು ಹಿಡಿದರು. ಅಂದಿನಿಂದ ದಿನಕ್ಕೆ ಎಂಟು ಕೊಪ್ಪರಿಗೆ. ಎರಡೂ ಮುಂಗೈಗಳ ಮೇಲೆ ಸುಟ್ಟ ಕಲೆಗಳಿಗೆ ಲೆಕ್ಕವಿಲ್ಲ. ಕಾರ್ಖಾನೆಗೆ ಎರಡು ಮಹಡಿ ಎದ್ದವು. ತಪ್ಪು ಮಾತ್ರ ಆಕೆಯ ತಲೆಯ ಮೇಲೆಯೇ ಉಳಿಯಿತು.

ಈಗ ಆ ಕೊಪ್ಪರಿಗೆಯನ್ನೂ ಎತ್ತಿಸುತ್ತಿದ್ದಾರೆ. ಇದೇ ರುಚಿ ಇನ್ನು ಮುಂದೆ ಬಾಟಲಿಯಲ್ಲಿ ಬರುತ್ತದೆ, ನಾಲ್ಕು ಹನಿ ಸಾಕಂತೆ. ಬಾಟಲಿ ಮಾಡುವವರಿಗೆ ಹೋಲಿಸಿ ನೋಡಲು ಅಸಲಿ ಪಾಕ ಬೇಕು. ಅದನ್ನು ಕಾಯಿಸಿ ಕೊಡುವ ಕೆಲಸವೂ ಸೀದಕ್ಕನದೇ. ಹೋದ ವಾರ ಚಿಕ್ಕ ಯಜಮಾನರು, ಎಂದರೆ ದೊಡ್ಡವರ ಮಗ, ಬಾಟಲಿಯವರನ್ನು ಕರೆದುಕೊಂಡು ಬಂದರು. ಸೀದಕ್ಕ ಜೀವಮಾನದಲ್ಲಿ ಮೊದಲ ಸಲ ಅವರೆದುರು ಬಾಯಿ ತೆರೆದು ಕೇಳಿದರು: "ಸಾರ್, ನಂಗೇನೂ ಬೇಡ. ಅವತ್ತು ಇವಳದು ತಪ್ಪಿರಲಿಲ್ಲ ಅಂತ ಆ ಗೇಟಿನ ಹತ್ರ ನಿಂತು ಒಂದು ಮಾತು ಹೇಳಿಬಿಡಿ."

ಚಿಕ್ಕ ಯಜಮಾನರು ಮನಸಾರೆ ನಕ್ಕರು. "ಅಯ್ಯೋ, ಇನ್ನೂ ಅದನ್ನೇ ಮನಸ್ಸಲ್ಲಿ ಇಟ್ಕೊಂಡಿದೀರಾ? ನೀವು ಆ ತಪ್ಪು ಮಾಡಿದ್ದಕ್ಕೇ ಅಲ್ವಾ ಅಮ್ಮ ನಾವೆಲ್ಲ ಊಟ ಮಾಡ್ತಿರೋದು!" ಎಂದು ಬಂದವರ ಕಡೆ ತಿರುಗಿದರು. ಅವರೂ ನಕ್ಕರು. ಒಳ್ಳೆಯ ಮಾತನ್ನೇ ಆಡಿದೆನೆಂದು ಆ ಮನುಷ್ಯ ಇವತ್ತಿಗೂ ನಂಬಿರಬೇಕು. ಹೋಗುವಾಗ ಆಕೆಯ ಕೈಗೆ ಒಂದು ಅಜ್ಜಿ ಬಿಸ್ಕತ್ತಿನ ಪೊಟ್ಟಣವನ್ನೂ ಇಟ್ಟರು.

ಇವತ್ತು ಬೆಳಿಗ್ಗೆ ಆಕೆ ಇಳಿಸಿದ್ದು ಬಾಟಲಿಯವರಿಗೆ ಕೊಡಬೇಕಾದ ಪಾಕ. ಬೇರೆ ಹೆಂಗಸರೆಲ್ಲ ಹಿಂದಿನ ದಿನವೇ ಕಿವಿಯೂದಿದ್ದರು: "ಅಕ್ಕಾ, ಕೈತಪ್ಪಿ ಹೋಯ್ತು ಅಂದ್ಬಿಡು. ಒಂದು ಉಸಿರು ತಡ ಮಾಡು ಸಾಕು, ಅವರ ಬಾಟಲಿ ಹಾಳಾಗಿ ಹೋಗ್ಲಿ." ಸೀದಕ್ಕ ರಾತ್ರಿಯೆಲ್ಲ ಹಾಗೇ ಮಾಡಬೇಕೆಂದುಕೊಂಡಿದ್ದರಂತೆ. ಈಗ ಕ್ಯಾನು ತುಂಬಿ ಬಾಗಿಲ ಬಳಿ ಕೂತಿದೆ. ಬಣ್ಣ ಎಂದಿನದೇ, ವಾಸನೆಯೂ ಎಂದಿನದೇ.

ಯಾಕೆ ಕೆಡಿಸಲಿಲ್ಲ ಎಂದರೆ ಆಕೆ ಕೊಪ್ಪರಿಗೆಯ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಲೇ ಹೇಳುತ್ತಾರೆ: "ಕೆಡಿಸಿದ್ರೆ ಅಪ್ಪ ಗೇಟಿನ ಹತ್ರ ಹೇಳಿದ್ದು ನಿಜ ಆಗ್ತಿತ್ತಲ್ಲ."