ಹೊಗೆ ಅಟ್ಟದ ಮೇಲಿನ ವಾಲ್ವ್

ಹಳೆಯದಕ್ಕೂ ಹೊಸದಕ್ಕೂ ನಡೆಯುವ ಹೋರಾಟವೇ ಮನುಷ್ಯಕುಲದ ಇತಿಹಾಸವೆಂದು ಬಲ್ಲವರು ಹೇಳುತ್ತಾರೆ. ನಮ್ಮ ಮನೆಯ ಮಟ್ಟಿಗೆ ಆ ಇತಿಹಾಸವೆಲ್ಲ ಹೆಬ್ಬೆರಳಿಗಿಂತ ತುಸು ದಪ್ಪನೆಯ ಎರಡು ಗಾಜಿನ ಬುರುಡೆಗಳಲ್ಲಿ ಅಡಗಿತ್ತು. ಅವುಗಳಲ್ಲಿ ಒಂದಕ್ಕೆ ಒಣಗಿಸಿದ ಹಂದಿಮಾಂಸದ ವಾಸನೆ ಬರುತ್ತಿತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಮಡಿಕೇರಿಯಲ್ಲಿ ಶಾಲಾ ಮೇಷ್ಟ್ರು. ಗಾಳಿಬೀಡಿನ ಹತ್ತಿರದ ಎಸ್ಟೇಟಿನ ದೊರೆಯೊಬ್ಬರು ತಮ್ಮ ಊರಿಗೆ ಹೊರಟಾಗ ಗುರುತಿದ್ದವರಿಗೆಲ್ಲ ಒಂದೊಂದು ಸಾಮಾನು ಕೊಟ್ಟು ಹೋದರು. ನನ್ನ ಪಾಲಿಗೆ ಬಂದದ್ದು ಮರದ ಪೆಟ್ಟಿಗೆಯ ರೇಡಿಯೋ. ಪಕ್ಕದವರಿಗೆ ಕುದುರೆಯ ಜೀನು ಬಂತು, ಕುದುರೆ ಬರಲಿಲ್ಲ. ಆದ್ದರಿಂದ ನಾನು ದೊರೆಗೆ ಇಂದಿಗೂ ಕೃತಜ್ಞ.

ಆ ಕಾಲದ ರೇಡಿಯೋಗೆ ವಾಲ್ವೇ ಜೀವ. ಸ್ವಿಚ್ ಹಾಕಿದರೆ ಗಾಜಿನೊಳಗಿನ ತಂತಿ ನಿಧಾನಕ್ಕೆ ಕೆಂಪಾಗಿ, ಬಿಸಿಯಾಗಿ, ಆಮೇಲೆ ಗಂಟಲು ಸರಿಮಾಡಿಕೊಂಡು ಮಾತಾಡಬೇಕು. ಅಷ್ಟರಲ್ಲಿ ಒಂದು ಲೋಟ ಕಾಫಿ ಕುಡಿಯಬಹುದಿತ್ತು. ಕುಡಿಯುತ್ತಿದ್ದೆವು.

ರೇಡಿಯೋದ ನಿಜವಾದ ಯಜಮಾನಿ ನಮ್ಮ ದೊಡ್ಡಮ್ಮ. ತಾಯಿಯಿಲ್ಲದ ನನ್ನನ್ನು ಸಾಕಿದವಳು. ನಾನು ತೊದಲಿದ ಅಸಂಬದ್ಧವನ್ನೆಲ್ಲ ಮೊದಲು ಕೇಳಿಸಿಕೊಂಡದ್ದು ಅವಳ ಕಿವಿ. ಮೇಷ್ಟ್ರಾದ ಮೇಲೆ ನಾನಾಡಿದ ಅಸಂಬದ್ಧವನ್ನು ಕೇಳುವ ಹೊತ್ತಿಗೆ ಆ ಕಿವಿ ಮಂದವಾಗಿತ್ತು. ನಾಲ್ಕು ಜನ ಕೂತು ಮಾತಾಡಿದರೆ ಅವಳಿಗೆ ಎಲ್ಲವೂ ಕಲಸಿದ ಅನ್ನ. ಹಾಗಾಗಿ ಮಾತಿನಿಂದ ಮೆಲ್ಲಗೆ ದೂರ ಸರಿಯುತ್ತಿದ್ದಳು. ಆದರೆ ಸಂಜೆ ರೈತರ ಕಾರ್ಯಕ್ರಮದ ಹೊತ್ತಿಗೆ ಸ್ಟೂಲು ಎಳೆದುಕೊಂಡು, ಅಂಗೈಯನ್ನು ಪೆಟ್ಟಿಗೆಗೆ ಆನಿಸಿ, ಅರ್ಧ ಕಿವಿಯಿಂದಲೂ ಅರ್ಧ ಕೈಯಿಂದಲೂ ಕೇಳುತ್ತಿದ್ದಳು. ಊಟಕ್ಕೆ ಕೂತಾಗ ಕೇಳಿದ್ದನ್ನೆಲ್ಲ ನಮಗೆ ಹೇಳುವಳು, ಜೊತೆಗೆ ತಪ್ಪನ್ನೂ ತಿದ್ದುವಳು. ಅವಳು ನಮ್ಮೊಡನೆ ಮಾತಾಡುತ್ತಿದ್ದುದು ಅದೊಂದು ದಾರಿಯಿಂದ.

ಒಂದು ಮಳೆಗಾಲದಲ್ಲಿ ರೇಡಿಯೋ ಕರಕರ ಎನ್ನತೊಡಗಿತು. ನನ್ನ ಹೆಂಡತಿಯ ಅಣ್ಣ ಮೈಸೂರಿನಲ್ಲಿ ನೌಕರಿಯಲ್ಲಿದ್ದರು. ನಾನು ಅವರಿಗೆ ಭಾವ, ಅವರು ನನಗೆ ಭಾವ. ಹೊಸದೆಂದರೆ ಕಣ್ಣಿಗೊತ್ತಿಕೊಳ್ಳುವ ಮನುಷ್ಯ. ಬಂದು ಹಿಂಬದಿಯ ಹಲಗೆ ಬಿಚ್ಚಿ, ರೋಗಿಯ ನಾಲಿಗೆ ನೋಡುವ ಡಾಕ್ಟರರಂತೆ ಒಳಗೆ ಇಣುಕಿದರು.

"ಭಾವ, ಇದು ಕೊಡಗು ರಾಜ್ಯದ ಕಾಲದ ವಾಲ್ವು. ಈಗ ಮೈಸೂರು ರಾಜ್ಯ ಬಂದಿದೆ."

"ವಾಲ್ವಿಗೆ ಆ ಸುದ್ದಿ ತಿಳಿದಿಲ್ಲವೇನೋ," ಎಂದೆ.

ಮುಂದಿನ ಸಲ ಹೊಸ ವಾಲ್ವ್ ತಂದು ಸಿಕ್ಕಿಸಿದರು. ಅದೇ ನಂಬರು, ಅದೇ ಗಾತ್ರ. ದನಿ ಮಾತ್ರ ಬೇರೆ. ಹಳೆಯದು ಕಂಬಳಿ ಹೊದ್ದು ಮಾತಾಡಿದಂತಿದ್ದರೆ, ಹೊಸದು ಸ್ನಾನ ಮಾಡಿ ಇಸ್ತ್ರಿಯ ಅಂಗಿ ತೊಟ್ಟು ಬಂದಂತಿತ್ತು. ಪಿಟೀಲು ಚಾಕುವಿನಷ್ಟು ಚುರುಕು. ತಾಳದ ದನಿಯಂತೂ ಹಲ್ಲಿಗೇ ತಾಗುತ್ತಿತ್ತು. ನನಗೆ ಬಹಳ ಹಿಡಿಸಿತು. ಭಾವನವರಿಗೆ ಧನ್ಯವಾದ ಹೇಳಿ ಕೋಳಿಸಾರು ಹಾಕಿಸಿದೆ.

ಕಾಫಿ ಕುಯ್ಲಿನ ಹೊತ್ತಿಗೆ ನನ್ನ ಹೆಂಡತಿ ಒಂದು ಮಾತು ಹೇಳಿದಳು: "ಅತ್ತೆ ಈಗ ರೇಡಿಯೋ ಹತ್ತಿರ ಕೂರೋದೇ ಇಲ್ಲ, ನೋಡಿದ್ರಾ?"

ನಾನು ನೋಡಿರಲಿಲ್ಲ. ಊಟದ ಹೊತ್ತಿನ ಸುದ್ದಿ ನಿಂತದ್ದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆ. ಹೋಗಿ ಕೇಳಿದರೆ ದೊಡ್ಡಮ್ಮ ನಮ್ಮ ಅರೆಭಾಷೆಯಲ್ಲಿ "ಏನೂ ಇಲ್ಲೆ" ಎಂದು ಅಕ್ಕಿ ಆರಿಸುತ್ತಲೇ ಇದ್ದಳು. ಎರಡನೇ ಸಲ ಕೇಳಿದ ಮೇಲೆ ಬಾಯಿಬಿಟ್ಟಳು: "ಮುಂಚೆ ಅವ ನನ್ನ ಹತ್ರ ಮಾತಾಡ್ತಿದ್ದ. ಈಗ ಯಾರಿಗೋ ಬೈದ ಹಾಗೆ ಉಂಟು. ಬೈಗುಳ ಕೇಳ್ಲಿಕ್ಕೆ ಸ್ಟೂಲ್ ಬೇಕಾ?"

ರೇಡಿಯೋ ಅವಳಿಗೆ ಕೇಳದೆ ಹೋದರೆ ಅವಳು ನಮಗೂ ಕೇಳದೆ ಹೋಗುತ್ತಾಳೆಂದು ಆಗ ಹೊಳೆಯಿತು. ಹಳೆಯ ವಾಲ್ವನ್ನು ಹುಡುಕಿದೆವು. ಹುಡುಕುವ ಕಷ್ಟವೇನೂ ಇರಲಿಲ್ಲ. ಮಳೆಗಾಲದಲ್ಲಿ ಕೆಡಬಾರದ ವಸ್ತು ಯಾವುದೇ ಇರಲಿ, ನಮ್ಮವರು ಇಡುವ ಜಾಗ ಒಂದೇ: ಒಲೆಯ ಮೇಲಿನ ಹೊಗೆ ಅಟ್ಟ. ಏಲಕ್ಕಿ, ಸೌತೆಬೀಜ, ಬೆಂಕಿಪೊಟ್ಟಣ, ಹಂದಿಮಾಂಸ. ನನ್ನ ಹೆಂಡತಿ ವಾಲ್ವನ್ನೂ ಬಟ್ಟೆಯಲ್ಲಿ ಕಟ್ಟಿ ಅವುಗಳ ಸಾಲಿಗೆ ಸೇರಿಸಿದ್ದಳು. ಕೆಳಗಿಳಿಸಿದಾಗ ಅದು ಇದ್ದಿಲಿನ ತುಂಡಿನಂತಿತ್ತು.

ಆ ವಾರ ಬಂದಿದ್ದ ಭಾವನವರು ನಕ್ಕು ನಕ್ಕು ಕೂತುಬಿಟ್ಟರು. "ಅಲ್ಲ ತಂಗಿ, ವಾಲ್ವನ್ನ ಹೊಗೆ ಹಾಕಿ ಒಣಗಿಸಿದ್ದೀಯಲ್ಲ! ಪಲ್ಯಕ್ಕೋ, ಸಾರಿಗೋ?"

"ಬೂಸ್ಟ್ ಬಂದಿದ್ರೆ ನೀನು ಮಾತಾಡು," ಎಂದಳು ತಂಗಿ. ಬೂಸ್ಟ್ ಎಂದರೆ ನಮ್ಮ ಕಡೆ ಶಿಲೀಂಧ್ರ.

ಸಿಕ್ಕಿಸಿದೆವು. ಕಾಫಿ ಕುಡಿದು ಮುಗಿಯಿತು. ಇನ್ನೊಂದು ಲೋಟವೂ ಮುಗಿಯಿತು. ರೇಡಿಯೋ ಮೂಕ. ಭಾವನವರು ಟೋಪಿ ತೆಗೆದು ಎದೆಗೆ ಹಿಡಿದರು. "ಹೋಯ್ತು. ಒಳ್ಳೇ ಜೀವ."

ದೊಡ್ಡಮ್ಮ "ಬಿಡಿ, ಬಿಡಿ" ಎಂದು ಎದ್ದು ಒಳಗೆ ಹೋದಳು. ಅವಳು ಸ್ಟೂಲನ್ನೂ ಒಯ್ದದ್ದು ನನಗೆ ಸರಿಬರಲಿಲ್ಲ.

ಮರುದಿನ ವಾಲ್ವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಗಾಜು ಒರೆಸಿದ್ದೆವು, ಸರಿ. ಬುಡದ ಕಡ್ಡಿಗಳ ಮೇಲೆ ಮಾತ್ರ ಮಸಿ ಟಾರಿನಂತೆ ಕೂತಿತ್ತು. ಅದರಡಿಯಲ್ಲಿ ಹಸಿರು ಕಿಲುಬು. ಕಿಲುಬು ಮಳೆಗಾಲದ್ದು, ಮಸಿ ನಮ್ಮದು. ಮೊದಲ ಕರಕರಕ್ಕೂ ಈ ಕಿಲುಬೇ ಕಾರಣವಿರಬೇಕು. ಅಂತೂ ವಾಲ್ವಿಗೆ ನಾವು ದೊಡ್ಡ ರೋಗವಿಲ್ಲದಾಗ ನಿವೃತ್ತಿ ಕೊಟ್ಟು, ನಿವೃತ್ತಿಯಲ್ಲಿ ರೋಗ ಕೊಟ್ಟಿದ್ದೆವು. ಕಿಲುಬಿಗೆ ಹುಳಿ ಎಂಬುದು ದೀಪ ಬೆಳಗುವ ಎಲ್ಲ ಮನೆಗೂ ಗೊತ್ತು. ನಮ್ಮಲ್ಲಿ ಹುಳಿಯೆಂದರೆ ಮಾಂಸಕ್ಕೆ ಹಾಕುವ ಕಪ್ಪು ಕಾಚಂಪುಳಿ. ಹೆಂಡತಿ ಬಟ್ಟೆಯ ತುದಿಗೆ ಒಂದು ಹನಿ ಮುಟ್ಟಿಸಿ ಕಡ್ಡಿಗಳನ್ನು ಒಂದೊಂದಾಗಿ ಉಜ್ಜಿದಳು. ಆಮೇಲೆ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ, ಆಮೇಲೆ ಬಿಸಿಲು.

"ಹೊಗೆ ಆಯ್ತು, ಹುಳಿ ಆಯ್ತು," ಎಂದರು ಭಾವ. "ಇನ್ನು ಮೆಣಸಿನ ಪುಡಿ ಒಂದು ಬಾಕಿ."

ಆದರೆ ಅವರು ನ್ಯಾಯವಂತ. ಪರೀಕ್ಷೆಯಾಗಲಿ, ಕೇಳುವವರೇ ತೀರ್ಪು ಕೊಡಲಿ ಎಂದು ಅವರೇ ಹೇಳಿ, ಒಳಗಿನಿಂದ ಸ್ಟೂಲನ್ನು ತಾವೇ ಹೊತ್ತು ತಂದರು. ಅದಕ್ಕಾಗಿ ಅವರ ಮೇಲೆ ನನಗೆ ಈಗಲೂ ಪ್ರೀತಿ.

ಸಂಜೆ ರೈತರ ಕಾರ್ಯಕ್ರಮ. ಯಾರೋ ಪಂಡಿತರು ಕಿತ್ತಳೆ ಗಿಡದ ಬಗ್ಗೆ ಮಾತಾಡುತ್ತಿದ್ದರು. ಮೊದಲು ಹೊಸ ವಾಲ್ವ್. ದೊಡ್ಡಮ್ಮ ಕೈ ಆನಿಸಿ ಕೂತಳು. "ಏನಂದ್ರು?" ಎಂದು ಅವಳ ಕಿವಿಯ ಬಳಿ ಕೇಳಿದೆ.

"ಯಾರೋ ಸತ್ರು," ಎಂದಳು.

ರೇಡಿಯೋ ಆರಿಸಿ, ಬಿಸಿ ವಾಲ್ವನ್ನು ಟವೆಲಿನಲ್ಲಿ ಹಿಡಿದು ತೆಗೆದು, ಭಾವನವರು ಹಳೆಯದನ್ನು ಸಿಕ್ಕಿಸಿದರು. ಕೆಂಪಾಯಿತು. ಮೆಲ್ಲಗೆ ಅಡುಗೆಮನೆಯ ವಾಸನೆ ಹರಡಿತು. ಬೆಕ್ಕು ಎದ್ದು ಬಂದು ರೇಡಿಯೋದ ಹಿಂದೆ ಹೋಯಿತು. ಆಮೇಲೆ ಪಂಡಿತರು ಕಂಬಳಿಯೊಳಗಿನಿಂದ ಮಾತು ಮುಂದುವರಿಸಿದರು. ಪಿಟೀಲಿನ ಚುರುಕು, ತಾಳದ ಮಿಂಚು ಯಾವುದೂ ಅದರಲ್ಲಿರಲಿಲ್ಲ. ದಪ್ಪ, ನಿಧಾನ, ಮರದ ಪೆಟ್ಟಿಗೆಯೇ ಮಾತಾಡಿದ ಹಾಗೆ. ಹೇಳಬೇಕೆಂದರೆ, ನನ್ನ ಕಿವಿಗೆ ಹೊಸದೇ ಮೇಲು.

ದೊಡ್ಡಮ್ಮ ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಿಕ್ಕಿತು. ಮತ್ತೆ ಸೋತೆವೆಂದುಕೊಂಡೆ.

"ಗಿಡದ ಬುಡಕ್ಕೆ ಸಗಣಿ ಒತ್ತಿ ಹಾಕಿ ಅಂತಾನೆ," ಎಂದಳು ಸಿಟ್ಟಿನಿಂದ. "ಬುಡ ಕೊಳೆತು ಹೋಗ್ತದೆ! ದೂರ ಹಾಕ್ಬೇಕು ಅಂತ ಇವಂಗೆ ಗೊತ್ತಿಲ್ಲೆ. ಕಿತ್ತಳೆ ತಿಂದು ಮಾತ್ರ ಗೊತ್ತು."

ಪಂಡಿತರು ಹೇಳಿದ್ದು ಅಕ್ಷರಶಃ ಅದೇ. ಭಾವನವರು ಟೋಪಿಯನ್ನು ಮತ್ತೆ ತೆಗೆದರು, ಈ ಸಲ ಅವಳಿಗೆ. ಊಟದ ಹೊತ್ತಿಗೂ ಕಿತ್ತಳೆಯ ಜಗಳ ಮುಗಿದಿರಲಿಲ್ಲ. ನಾನು ಎಲ್ಲದಕ್ಕೂ ಹೂಂಗುಟ್ಟಿದೆ. ಅಷ್ಟು ರುಚಿಯಾದ ಊಟ ಆ ವರ್ಷ ಮಾಡಿದ ನೆನಪಿಲ್ಲ.

ಹಳೆಯ ವಾಲ್ವ್ ರೇಡಿಯೋದಲ್ಲಿ ಉಳಿಯಿತು. ಹೊಸದನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟೆವು.