ತಂತಿಯಿಲ್ಲದ ಗಂಟೆ

2018ರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಚಿನ್ನದ ಗಣಿ ಪ್ರದೇಶವಾದ ನಂದಿದುರ್ಗದ ಹಳೆಯ ಬಂಗಲೆಯೊಂದರಲ್ಲಿ ಅಡುಗೆಮನೆಯ ಹೊಗೆಗೂಡು ಕುಸಿದುಬಿತ್ತು. ಯಾರಿಗೂ ಗಾಯವಾಗಲಿಲ್ಲ. ಪತ್ರಿಕೆಗೆ ನಾನು ಕೊಟ್ಟ ಸುದ್ದಿ ಇಷ್ಟೇ. ಅದರಲ್ಲಿ ಸೇರಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ದೆವ್ವ, ಶಕುನದ ಕಥೆ ಹೊತ್ತು ತಂದವರಿಗೆ ಟೀ ಕುಡಿಸಿ ಸಾಗಹಾಕುತ್ತಿದ್ದವನು ನಾನು. ಈಗಲೂ ಹೆಚ್ಚು ಬದಲಾಗಿಲ್ಲ.

ಗಣಿಯ ಇಂಗ್ಲಿಷ್ ಅಧಿಕಾರಿಗಳಿಗಾಗಿ ಕಟ್ಟಿದ ಬಂಗಲೆಗಳ ಸಾಲು ಅದು. ಅಗಲವಾದ ವರಾಂಡ, ಎತ್ತರದ ಹೆಂಚಿನ ಸೂರು, ಒಣಗಿದ ಗುಲಾಬಿ ಪಾತಿಗಳು. ಪಾಳುಬೀಳುತ್ತಿದ್ದ ಆ ಮನೆಗಳ ಬಗ್ಗೆ ಬರೆಯಲು ಹೋಗಿದ್ದೆ. ಒಂದರ ಅಡುಗೆಮನೆಯಲ್ಲಿ ಪಾಪಮ್ಮ ಇದ್ದರು. ಹುಡುಗಿಯಾಗಿದ್ದಾಗ ಅಲ್ಲಿಗೆ ಕೆಲಸಕ್ಕೆ ಸೇರಿದವರು, ಗಣಿ ಮುಚ್ಚಿದ ಮೇಲೆ ಕಾವಲಿಗೆ ಉಳಿದಿದ್ದರು. ಮಗಳು ಮಾರಿಕುಪ್ಪಂನಲ್ಲಿ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಮೊಮ್ಮಗಳು ಇವರ ಬಳಿ. ಮಗು ಒಲೆಯ ಪಕ್ಕ ಚಾಪೆಯ ಮೇಲೆ ಮಲಗಿತ್ತು. ಅದರ ಮೇಲಿನ ಹೊಗೆಗೂಡು ಕೈ ತೂರುವಷ್ಟು ಬಿರುಕುಬಿಟ್ಟಿತ್ತು.

“ಅಮ್ಮ, ಪಾಪುನ ಆ ಕಡೆ ಮಲಗ್ಸಿ,” ಅಂದೆ.

“ನಾ ಬಂದಾಗ್ಲಿಂದ ಅಂಗೇ ಐತೆ ಸಾ. ಇವತ್ತೇ ಬಿದ್ದೋಯ್ತದಾ? ನಿಮ್ ಪೇಪರ್ನೋರ್ಗೆ ಏನಾರ ಬೀಳ್ಲೇಬೇಕು!” ಎಂದು ನಕ್ಕರು. “ಮಗ್ಳೂ ಇಂಗೇ ಬಡ್ಕೋತಾಳೆ, ಬಂಗಾರಪೇಟೇಲಿ ಮನೆ ಮಾಡಾನ ಅಂತ. ನಾ ಇಲ್ಲಿಂದ ಏಳಾಕಿಲ್ಲ.”

ಆಗ ಎದುರು ಗೋಡೆಯ ಹಿತ್ತಾಳೆ ಗಂಟೆ ಕಿಣಿಕಿಣಿ ಎಂದಿತು. ಊಟದ ಕೋಣೆಯಲ್ಲಿ ಹಿಡಿ ಎಳೆದರೆ ತಂತಿ ಜಗ್ಗಿ ಇಲ್ಲಿ ಸದ್ದಾಗುವಂತೆ, ಆಳುಗಳನ್ನು ಕರೆಯಲು ಹಿಂದಿನ ದೊರೆಗಳು ಹಾಕಿಸಿದ್ದ ಗಂಟೆ.

ಪಾಪಮ್ಮ ಯೋಚಿಸಲೇ ಇಲ್ಲ. “ಬಂದೇ!” ಎಂದು ಕೂಗಿ, ಸೆರಗು ಸರಿಮಾಡಿಕೊಂಡು, ಮಗುವನ್ನು ಸೊಂಟಕ್ಕೇರಿಸಿ ಹೊರಟರು. ಮಗಳು ಕೂಸಾಗಿದ್ದಾಗಲೂ ಹೀಗೇ ಎತ್ತಿಕೊಂಡು ಓಡುತ್ತಿದ್ದರಂತೆ. ಯಾರು ಕರೆದರೆಂದು ನೋಡಲು ನಾನೂ ಹಿಂದೆ ನಡೆದೆ. ಊಟದ ಕೋಣೆ ಖಾಲಿ.

“ಅಯ್ಯೋ, ಯಾರ್ಗ್ ಓಗೊಟ್ಟೆ ನಾನು? ದೊರೆಸಾನಿ ಓಗಿ ಎಷ್ಟ್ ಕಾಲ ಆಯ್ತು!” ಎಂದು ಪಾಪಮ್ಮ ನಾಚಿ ನಕ್ಕರು. ನಗು ಮುಗಿಯುವ ಮೊದಲೇ ಹಿಂದೆ ಇಟ್ಟಿಗೆಗಳು ಉರುಳಿದವು. ಓಡಿ ಬಂದು ನೋಡಿದರೆ ಚಾಪೆ ಕಾಣಲಿಲ್ಲ.

ಧೂಳು ಅಡಗಿದ ಮೇಲೆ ಎಲ್ಲವನ್ನೂ ಪರೀಕ್ಷಿಸಿದೆ. ಊಟದ ಕೋಣೆಯಲ್ಲಿ ಹಿಡಿ ಇರಲಿಲ್ಲ; ತಂತಿಯನ್ನು ಯಾರೋ ಎಂದೋ ಕಿತ್ತೊಯ್ದಿದ್ದರು. ನೆಲ ನಡುಗಿ ಗಂಟೆ ಅಲುಗಿತೇ? ಹಾಗಿದ್ದರೆ ಅದರ ಕೆಳಗಿನ ಹಲಗೆಯಲ್ಲಿ ಒತ್ತಾಗಿ ಜೋಡಿಸಿದ್ದ ಲೋಟಗಳೂ ಸದ್ದು ಮಾಡಬೇಕಿತ್ತು. ಮಾಡಲಿಲ್ಲ. ನೆಲ ನಡುಗಿದಂತೆ ಅಕ್ಕಪಕ್ಕದವರಿಗೂ ಅನಿಸಿರಲಿಲ್ಲ. ಗಂಟೆಯ ಸದ್ದನ್ನು ನಾನು ಕೇಳಿದೆ, ಅದರಲ್ಲಿ ಅನುಮಾನವಿಲ್ಲ. ಹೇಗಾಯಿತೆಂದು ಇಂದಿಗೂ ಹೇಳಲಾರೆ.

ಪಾಪಮ್ಮ ಈಗ ಮಗಳೊಂದಿಗೆ ಬಂಗಾರಪೇಟೆಯಲ್ಲಿದ್ದಾರೆ. ಮೊಮ್ಮಗಳು ಶಾಲೆಗೆ ಹೋಗುತ್ತಾಳೆ. ಬಂಗಲೆ ಬಿಟ್ಟು ಬರುವಾಗ ಪಾಪಮ್ಮ ಆ ಗಂಟೆಯನ್ನು ಬಿಚ್ಚಿಕೊಂಡು ಬಂದು ಹೊಸ ಮನೆಯ ಗೋಡೆಗೆ ಹಾಕಿದ್ದಾರೆ. ಕಳೆದ ತಿಂಗಳು ಹೋದಾಗ ನೋಡಿದೆ. ಮೊಮ್ಮಗಳ ಚಾಪೆಯನ್ನು ಅದರ ಕೆಳಗೇ ಹಾಸಿದ್ದರು.